ಇಪ್ಪತ್ತೆಂಟು ಪೌಂಡು

ವೇತನ ಏರಿದಂತೆಲ್ಲ ಬಯಕೆಯೂ ಏರುವುದನ್ನು ಸಂಬಳದಾರರಾದ ನಾವು ಚೆನ್ನಾಗಿ ಬಲ್ಲೆವು. ಬಯಕೆಗೆ ಗೆರೆ ಎಳೆಯುವ ಬಗೆಯನ್ನು ಲೆಕ್ಕದ ಮೂಲಕವೇ ತೋರಿಸಿದವರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703–1791).

ತರುಣ ಮೆಥಡಿಸ್ಟನೊಬ್ಬನ ಜಮಾಖರ್ಚನ್ನು ಅವರು ತಮ್ಮ ಮುಪ್ಪಿನ ಪ್ರವಚನವೊಂದರಲ್ಲಿ ವಿವರಿಸಿದ್ದಾರೆ. ಆ ತರುಣನು ಆಕ್ಸ್‌ಫರ್ಡಿನಲ್ಲಿದ್ದ ಅವರೇ ಎಂದು ಬಲ್ಲವರ ಊಹೆ. ಮೊದಲ ವರ್ಷದ ವರಮಾನ 30 ಪೌಂಡು. ಜೀವನಕ್ಕೆ 28, ದಾನಕ್ಕೆ 2. ಮರುವರ್ಷ 60, ಮೂರನೆಯ ವರ್ಷ 90, ನಾಲ್ಕನೆಯ ವರ್ಷ 120 ಬಂದರೂ ಖರ್ಚು ಮಾತ್ರ ಅದೇ 28! ಕಡೆಯ ವರ್ಷ ಬಡವರಿಗೆ ಸಂದದ್ದು 92. ಮೂರನೆಯ ತರಗತಿಯ ಮಕ್ಕಳಿಗೂ ಸುಲಭವಾದ ವ್ಯವಕಲನವಿದು, ಹಿರಿಯರಿಗೇ ಕಠಿಣ. ಆಗ ಅವರಿಗೆ ಸಂಸಾರವಿರಲಿಲ್ಲವೆಂಬುದೂ ನಿಜವೇ. ಸಂಸಾರಸ್ಥರು ಗೆರೆಯನ್ನು ತುಸು ಮೇಲೆ ಎಳೆದುಕೊಳ್ಳಲಿ; ಎಳೆಯದೇ ಇರುವುದು ಸಲ್ಲದು.

ವೆಸ್ಲಿಯವರು ಸಂಪಾದನೆಯನ್ನು ಹಳಿದವರಲ್ಲ. ಪರರಿಗೆ ಹಾನಿಯಾಗದಂತೆ ಗಳಿಸುವುದು, ಉಳಿಸುವುದು, ಕೊಡುವುದು, ಈ ಮೂರನ್ನೂ ಬೋಧಿಸಿದರು. ಅನುಯಾಯಿಗಳಲ್ಲಿ ಅನೇಕರು ಮೊದಲೆರಡನ್ನು ಹಿಡಿದು ಮೂರನೆಯದನ್ನು ಕೈಬಿಟ್ಟದ್ದು ಅವರ ಮುಪ್ಪಿನ ಕೊರಗಾಯಿತು. ಭಕ್ತನು ದುಡಿಯುತ್ತಾನೆ, ಮಿತವಾಗಿ ಬಾಳುತ್ತಾನೆ, ಆದುದರಿಂದಲೇ ಧನಿಕನಾಗುತ್ತಾನೆ, ಧನ ಬೆಳೆದಂತೆ ಭಕ್ತಿ ಸೊರಗುತ್ತದೆ. ಈ ಸುಳಿಯಿಂದ ಪಾರಾಗಲು ಕೊಡುವುದೊಂದೇ ದಾರಿಯೆಂಬುದು 1786ರ ಅವರ ಬರಹದ ತಾತ್ಪರ್ಯ.

1776ರಲ್ಲಿ ತೆರಿಗೆಯ ಅಧಿಕಾರಿಗಳು, ಇಷ್ಟು ಪ್ರಸಿದ್ಧರ ಬಳಿ ಬೆಳ್ಳಿಯ ಸಾಮಾನುಗಳು ಇಲ್ಲದಿರಲಾರವೆಂದು ಭಾವಿಸಿ ಅವರಿಂದ ಲೆಕ್ಕ ಕೇಳಿದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಚಹಾ ಚಮಚಗಳಿವೆಯೆಂದೂ, ಸುತ್ತಲಿನವರು ಹಸಿದಿರುವಾಗ ಇನ್ನು ಕೊಳ್ಳುವುದಿಲ್ಲವೆಂದೂ ಅವರು ಉತ್ತರ ಬರೆದು ಕಳುಹಿಸಿದರು.