ಹಿಮದ ಇಳಿಜಾರಿನಲ್ಲಿ ನಮ್ಮ ಮಕ್ಕಳು

ಸ್ಕೀ ಎಂಬ ಹಿಮಜಾರಾಟವು ಸ್ವಿಟ್ಜರ್ಲೆಂಡಿನ ಸಾಹುಕಾರರಿಗೇ ಮೀಸಲೆಂದು ನಮ್ಮ ಚೆಂಬೂರಿನ ಮನೆಗಳಲ್ಲಿ ಒಂದು ನಂಬಿಕೆಯುಂಟು. ಹಾಗೇನಿಲ್ಲ. ಕಾಶ್ಮೀರದ ಗುಲ್ಮಾರ್ಗದಲ್ಲಿ ಗೊಂಡೋಲಾ ತೊಟ್ಟಿಲು ಸುಮಾರು 13,000 ಅಡಿ ಎತ್ತರಕ್ಕೆ ಒಯ್ಯುತ್ತದೆ. ಆ ಕಡಿದಾದ ಇಳಿಜಾರು ನುರಿತವರಿಗೆ, ಕೆಳಗಿನ ಹುಲ್ಲುಗಾವಲು ಕಲಿಯುವವರಿಗೆ. ಉತ್ತರಾಖಂಡದ ಔಲಿಯಲ್ಲಿ, ಮನಾಲಿ ಬಳಿಯ ಸೋಲಾಂಗ್‌ನಲ್ಲಿ ಸರಕಾರಿ ಸಂಸ್ಥೆಗಳೇ ಕಲಿಸುತ್ತವೆ. ಹಿಮ ಬೀಳದ ಕೊಡಗಿನವರಾದ ತೆಕ್ಕಡ ಭವಾನಿ 2025ರಲ್ಲಿ ಚಿಲಿ ದೇಶದಲ್ಲಿ, ಹಿಮಬಯಲಿನ 5 ಕಿಲೋಮೀಟರ್ ಸ್ಕೀ ಓಟದಲ್ಲಿ ಕಂಚಿನ ಪದಕ ಗೆದ್ದರು.

ಮೇ ರಜೆಗೆ ಹೋದರೆ ಹಿಮ ಕರಗಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಪರೀಕ್ಷೆಯ ಅಂಜಿಕೆ. ನಮ್ಮಂಥ ಗುಮಾಸ್ತರಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಎಲ್.ಟಿ.ಸಿ.ಯನ್ನು, ಮಕ್ಕಳು ಕೆಳತರಗತಿಯಲ್ಲಿರುವಾಗಲೇ ಒಮ್ಮೆ ಚಳಿಗಾಲಕ್ಕೆ ತೆಗೆದಿಡೋಣ. ಹತ್ತನೆಯ ತರಗತಿ ಮುಟ್ಟಿದ ಮೇಲೆ ಅವರಿಗೂ ಬಿಡುವಿಲ್ಲ, ನಮಗೂ ಧೈರ್ಯವಿಲ್ಲ.