ಗದ್ದಲದ ಪಕ್ಷವಾಗಿ ಎರಡು ಮಾತು

ಹಳೆಯ ಧ್ವನಿಮುದ್ರಣಗಳ ವಿಷಯದಲ್ಲಿ ನಮ್ಮ ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ಹೊಸ ಮಡಿಯು ಹುಟ್ಟಿಕೊಂಡಿದೆ. ಕಛೇರಿಯಲ್ಲಿಯೋ, ಹುತ್ತರಿಯ ಮಂದ್‌ನಲ್ಲಿಯೋ, ಮದುವೆಯ ಚಪ್ಪರದಲ್ಲಿಯೋ ಹವ್ಯಾಸಿಗಳು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಸಂಗೀತವು ಅಶುದ್ಧವಂತೆ. ಅದರೊಳಗಿನ ಕೆಮ್ಮು, ಮಾತು, ಮಳೆಯ ಸದ್ದುಗಳನ್ನು ಗಣಕಯಂತ್ರದಿಂದ ತೊಳೆದು ಉಳಿಸಬೇಕಂತೆ. ತೊಳೆದರೂ ಹೋಗದಿದ್ದರೆ ಕ್ಯಾಸೆಟ್ಟನ್ನೇ ಬಿಸುಡಬೇಕಂತೆ. ಈ ವಾದವನ್ನು ಮಾಡುವವರು ಸಂಗೀತದ್ವೇಷಿಗಳಲ್ಲ, ಅದರ ಅಭಿಮಾನಿಗಳು. ಆದುದರಿಂದಲೇ ಅವರಿಗೆ ಉತ್ತರ ಹೇಳುವುದು ಅವಶ್ಯವಾಗಿದೆ.

ನಿಶ್ಶಬ್ದವಾದ ಕೋಣೆಯಲ್ಲಿ ಹಾಡಿದ್ದೇ ನಿಜವಾದ ಹಾಡೆಂಬ ಭಾವನೆಯು ನಮಗೆ ಎಲ್ಲಿಂದ ಬಂದಿತು? ಅದು ಯಂತ್ರದಿಂದ ಬಂದುದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ಕೊಳವೆಯ ಮುಂದೆ ನಿಂತು, ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಮೂರು ನಿಮಿಷಗಳ ಆಸುಪಾಸಿನಲ್ಲಿ ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಬೇಕಾಯಿತು. ಆಕೆಯು 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡಳು. ಆ ತಟ್ಟೆಗಳು ಅಮೂಲ್ಯವಾದುವು, ಸಂದೇಹವಿಲ್ಲ. ಆದರೆ ಕೊಳವೆಯು ತಲೆದೂಗುವುದಿಲ್ಲ. ಆಕೆಯು ಸಭೆಯನ್ನು ಹೇಗೆ ಆಳಿದಳೆಂಬುದನ್ನು ಅದು ಹೇಳಲಾರದು.

ಇದಕ್ಕೆ ಪ್ರತಿಯಾಗಿ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗೀತನಾಟಕಶಾಲೆಯ ಗ್ರಂಥಪಾಲಕನಾಗಿದ್ದ ಮೇಪಲ್‌ಸನ್ ಎಂಬಾತನು 1901ರಿಂದ 1903ರ ವರೆಗೆ ಎಡಿಸನ್ನನ ಯಂತ್ರವನ್ನು ಪ್ರದರ್ಶನದ ನಡುವೆಯೇ ಇರಿಸಿ ಮೇಣದ ಉರುಳೆಗಳಲ್ಲಿ ತುಣುಕು ತುಣುಕಾಗಿ ಹಾಡುಗಳನ್ನು ಹಿಡಿದನು. ಕೇಳಿದರೆ ಸೂಜಿಯ ಕರಕರವೇ ಮುಂದು, ಹಾಡು ಹಿಂದು. ಆದರೂ ಆ ಕಾಲದ ಶ್ರೇಷ್ಠ ಗಾಯಕನಾದ ಜಾನ್ ದ ರೆಸ್ಕೆಯ ಕಂಠವನ್ನು ಇಂದು ಕೇಳಬೇಕಾದರೆ ಆ ಕರಕರವಲ್ಲದೆ ಬೇರೆ ಗತಿಯಿಲ್ಲ.

ನಮ್ಮಲ್ಲಿಯೂ ಹಾಗೆಯೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿಯ ಚಪ್ಪರದಂಥ ಕಡೆಗಳಲ್ಲಿ ರಸಿಕರ ಭಲೇಕಾರವು ಕಛೇರಿಗೆ ಹೊರಗಿನದೇ? ಗಾಯಕನು ಒಂದು ಸಂಗತಿಯನ್ನು ಹಾಡುತ್ತಾನೆ. ಮುಂದಿನ ಸಾಲಿನಿಂದ ಯಾರೋ 'ಭಲೇ' ಎನ್ನುತ್ತಾರೆ. ಅವನು ಅದನ್ನೇ ಇನ್ನೊಂದು ಬೆಡಗಿನಿಂದ ತಿರುಗಿ ಹಾಡುತ್ತಾನೆ. ಆ 'ಭಲೇ'ಯನ್ನು ತೊಳೆದುಬಿಟ್ಟರೆ ಅವನು ಯಾತಕ್ಕಾಗಿ ತಿರುಗಿ ಹಾಡಿದನೆಂಬುದೇ ತಿಳಿಯದು. ಉತ್ತರವನ್ನು ಇಟ್ಟುಕೊಂಡು ಪ್ರಶ್ನೆಯನ್ನು ಅಳಿಸಿದಂತಾಯಿತು. ಕರಾವಳಿಯ ಯಕ್ಷಗಾನ ಭಾಗವತರಾದ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಯೌವನದಲ್ಲಿಯೇ, ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಬಯಲಿನಲ್ಲಿ ರಾತ್ರಿಯಿಡೀ ಅವರು ನಡೆಸಿದ ಆಟದ ಆವೇಶವನ್ನು ಇಂದು ಅರಿಯಬೇಕಾದವರು ಅಭಿಮಾನಿಗಳು ಹಿಡಿದ ಕ್ಯಾಸೆಟ್ಟುಗಳಿಗೇ ಶರಣಾಗಬೇಕು.

ಇನ್ನು ನಮ್ಮ ಮನೆಯಂಗಳಕ್ಕೇ ಬರೋಣ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿ ಕೊಡವರ ಹಾಡುಗಳ ನುಡಿಯನ್ನು ಉಳಿಸಿದರು. ಆದರೆ ನಾಲ್ವರು ದುಡಿ ಹಿಡಿದು ಕುಳಿತಾಗ, ಇಬ್ಬರು ಬಿಟ್ಟ ಸಾಲನ್ನು ಮತ್ತಿಬ್ಬರು ಎತ್ತಿಕೊಳ್ಳುವ ಆ ಸಂಧಿಯಲ್ಲಿ ಎಷ್ಟು ಉಸಿರು, ಎಷ್ಟು ಬಿಡುವು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದು ಬಿಟ್ಟಂಗಾಲದಂಥ ಊರಿನ ಐನ್‌ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ, ಯಾರದೋ ಕೈಬರಹವುಳ್ಳ ಕ್ಯಾಸೆಟ್ಟಿನಲ್ಲಿ ಇರುವಂಥದು. ಹುತ್ತರಿಯ ರಾತ್ರಿಯ ಒಂದು ಮುದ್ರಣವನ್ನು ಊಹಿಸಿರಿ. ಹಾಡು, ಗದ್ದೆಯತ್ತ ನಡೆವ ಜನರ ಮಾತು, ನಾಯಿಯ ಬೊಗಳು. ನಡುವೆ ಒಂದು ಕೋವಿಯ ಗುಂಡು. ಯಂತ್ರಕ್ಕೆ ಆ ಗುಂಡು ಕೇವಲ ದೋಷ. ಶಬ್ದವು ಒಡೆದು, ಒಂದು ಕ್ಷಣ ಹಾಡೇ ಅಡಗಿಹೋಗಿರುತ್ತದೆ. ಕೊಡಗಿನಲ್ಲಿ ಹುಟ್ಟಿದವನಿಗಾದರೋ ಅದು ಕದಿರು ಕೊಯ್ದ ಗಳಿಗೆ. ಅದನ್ನು ಅಳಿಸುವವನು ಹಬ್ಬವನ್ನೇ ಅಳಿಸಿದನು.

ಈ ತೊಳೆಯುವ ವಿದ್ಯೆಯ ಬಗೆಯನ್ನೂ ಸ್ವಲ್ಪ ನೋಡಬೇಕು. ಹಾಡಿಲ್ಲದ ಕಡೆಯ ಸದ್ದನ್ನು ಯಂತ್ರಕ್ಕೆ ಮಾದರಿಯಾಗಿ ತೋರಿಸುತ್ತಾರೆ. ಅದು ಆ ಬಗೆಯ ಸದ್ದನ್ನು ಮುದ್ರಣದ ಉದ್ದಕ್ಕೂ ಕಳೆಯುತ್ತಾ ಹೋಗುತ್ತದೆ. ಆದರೆ ಟೇಪಿನ ಸುಯ್ಯೆಂಬ ಸದ್ದೂ ಗಾಯಕನ ಉಸಿರೂ ಬಹುಮಟ್ಟಿಗೆ ಒಂದೇ ಜಾತಿಯವು. ದುಡಿಯ ಪೆಟ್ಟು ಆರಿಹೋಗುವಾಗಿನ ಸಣ್ಣ ಬಾಲವೂ ಅದೇ ಜಾತಿಯದು. ಕೈ ಸ್ವಲ್ಪ ಬಿಗಿಯಾದರೆ ಇವೆಲ್ಲ ಒಟ್ಟಿಗೆ ಹೋಗಿ, ಉಳಿದ ಕಂಠವು ನೀರೊಳಗಿನಿಂದ ಮಾತಾಡಿದಂತೆ ಗುಳುಗುಳಿಸುತ್ತದೆ. ಹೊಟ್ಟು ಕೇರಲು ಹೋಗಿ ಅಕ್ಕಿಯನ್ನೂ ತೂರಿದ ಹಾಗೆ!

ಗದ್ದಲವೆಲ್ಲವೂ ಪೂಜ್ಯವೆಂದು ನಾನು ಸಾಧಿಸುತ್ತಿಲ್ಲ. ಧ್ವನಿವರ್ಧಕದ ಬಾಯಿಗೇ ಯಂತ್ರವನ್ನು ಒಡ್ಡಿ, ಮೊದಲಿನಿಂದ ಕೊನೆಯ ವರೆಗೆ ಕಿರಿಚುವಂತೆ ಮಾಡಿದ ಮುದ್ರಣಗಳೂ ಉಂಟು. ಅವುಗಳನ್ನು ಕೇಳುವುದು ತಪಸ್ಸೇ ಸರಿ. ಕಲಾವಿದರ ಅನುಮತಿಯಿಲ್ಲದೆ ಇಂಥವನ್ನು ಮಾರಿ ಹಣಮಾಡುವುದೂ ನ್ಯಾಯವಲ್ಲ. ತನ್ನ ಕಿವಿಯ ಸುಖಕ್ಕಾಗಿ ಒಂದು ಪ್ರತಿಯನ್ನು ತೊಳೆದುಕೊಳ್ಳುವವನೊಡನೆ ನನಗೆ ಜಗಳವಿಲ್ಲ. ತೊಳೆದುದನ್ನು ಇಟ್ಟುಕೊಂಡು ಮೂಲವನ್ನು ಕಸಕ್ಕೆ ಹಾಕುವವನೊಡನೆ ಇದೆ.

ಏಕೆಂದರೆ ಕಾಲವು ನಮ್ಮ ಪಕ್ಷದಲ್ಲಿಲ್ಲ. ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಹೊರತಂದುದು 1963ರಲ್ಲಿ. ನಮ್ಮ ಮನೆಗಳಲ್ಲಿರುವುವು ಅನೇಕವು ಮೂವತ್ತು ನಲವತ್ತು ವರ್ಷಗಳಷ್ಟು ಹಳೆಯವು. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಟೇಪಿನ ಸುರುಳಿಗೆ ಮಾತ್ರ ವಿನಾಯಿತಿಯುಂಟೇ? ಬೂಷ್ಟು ಹಿಡಿದುದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಯಂತ್ರವೂ ಕೆಡುವುದು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅದು ಅಂಟುವುದು. ಆದುದರಿಂದ ಮೊದಲು ಬಲ್ಲವರಿಂದ ಸುರುಳಿಯನ್ನು ಶುಚಿಮಾಡಿಸಿ, ಒಂದು ಸದ್ದನ್ನೂ ಕಳೆಯದೆ ಆದಿಯಿಂದ ಅಂತ್ಯದ ವರೆಗೆ ಪ್ರತಿ ತೆಗೆಸಿರಿ. ಹಾಡು ಮುಗಿದ ಮೇಲಿನ ಹರಟೆಯನ್ನೂ ಬಿಡಬೇಡಿರಿ. ಬಳಿಕ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿರಿ: ದುಡಿ ಬಡಿದವರು ಯಾರು, ನಡುವೆ ನಕ್ಕವರು ಯಾರು, ಗುಂಡು ಹಾರಿಸಿದ ಕೋವಿ ಯಾವ ಮನೆಯದು. ಹೇಳಬಲ್ಲವರು ಇನ್ನೂ ಇದ್ದಾರೆ. ಹೇಳಿದುದನ್ನು ಪೆನ್ಸಿಲಿನಿಂದ ಪೆಟ್ಟಿಗೆಯ ಚೀಟಿಯ ಮೇಲೆ ಬರೆದಿಡಿರಿ.