ರಗೂ ಬೇಯಿಸುವುದೆಂದರೆ ನೀರನ್ನು ಆಳುವುದು

ಪಾಸ್ತಾಕ್ಕೆ ಮಾಂಸದ ಸಾಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಣ್ಣಿಗೆ ಕಟ್ಟುವುದು ಕೆಂಪು ಟೊಮೆಟೊ ಗೊಜ್ಜು, ಅದರಲ್ಲಿ ಅಲ್ಲಲ್ಲಿ ಕೀಮಾ. ಉತ್ತರ ಇಟಲಿಯ ಬೊಲೊನ್ಯ ನಗರದ ರಗೂ ಹಾಗಿರುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೂ ಮಾಂಸದ ಅಡುಗೆ. 1891ರಲ್ಲಿ ಪೆಲ್ಲೆಗ್ರಿನೊ ಅರ್ತೂಸಿ ತಮ್ಮ ಹೆಸರಾಂತ ಅಡುಗೆ ಪುಸ್ತಕದಲ್ಲಿ ಬೊಲೊನ್ಯ ಶೈಲಿಯ ಮ್ಯಾಕರೋನಿಗೆ ಬರೆದ ಮಾಂಸದ ಸಾಸಿನಲ್ಲಿ ಟೊಮೆಟೊವೇ ಇರಲಿಲ್ಲ. ಇಟಲಿಯ ಅಡುಗೆ ಅಕಾಡೆಮಿ 1982ರ ಅಕ್ಟೋಬರ್ 17ರಂದು ಬೊಲೊನ್ಯದ ವಾಣಿಜ್ಯ ಮಂಡಳಿಯಲ್ಲಿ ಈ ಅಡುಗೆಯ ವಿಧಾನವನ್ನು ಅಧಿಕೃತವಾಗಿ ದಾಖಲಿಸಿತು; 2023ರಲ್ಲಿ ಪರಿಷ್ಕರಿಸಿತು. ಹೊಸ ಪಾಠದ ಅಳತೆ ನೋಡಿ: ದಪ್ಪಗೆ ಕೊಚ್ಚಿದ ದನದ ಮಾಂಸ 400 ಗ್ರಾಂ, ಹಂದಿಯ ಹೊಟ್ಟೆಭಾಗದ ಕೊಬ್ಬಿನ ಮಾಂಸ 150 ಗ್ರಾಂ, ಟೊಮೆಟೊ ರಸ ಬರೀ 200 ಗ್ರಾಂ. ಬೆಳ್ಳುಳ್ಳಿ ಇಲ್ಲ, ಕಾಳುಮೆಣಸು ಬಿಟ್ಟರೆ ಮಸಾಲೆ ಇಲ್ಲ, ಸೊಪ್ಪು ಇಲ್ಲ.

ಹಾಗಾದರೆ ರುಚಿ ಎಲ್ಲಿಂದ ಬರುತ್ತದೆ? ನೀರನ್ನು ಯಾವಾಗ ಓಡಿಸಬೇಕು, ಯಾವಾಗ ಮತ್ತೆ ಕರೆಯಬೇಕು ಎಂಬ ವಿವೇಕದಿಂದ. ಇದೊಂದು ತಿಳಿದರೆ ಅಳತೆಯ ಚೀಟಿ ಇಲ್ಲದೆಯೂ ರಗೂ ಮಾಡಬಹುದು.

ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು ಮೂರನ್ನೂ ಸುಮಾರು 60 ಗ್ರಾಂನಂತೆ ಸಣ್ಣಗೆ ಹೆಚ್ಚಿ. ಮೊದಲು ಕೊಬ್ಬಿನ ಮಾಂಸವನ್ನು ಸ್ವಲ್ಪ ಎಣ್ಣೆಯಲ್ಲಿ ಕರಗಿಸಿ, ಅದರಲ್ಲಿ ತರಕಾರಿಯನ್ನು ಸಣ್ಣ ಉರಿಯ ಮೇಲೆ ಬಾಡಿಸಿ. ಈ ತರಕಾರಿಗಳಲ್ಲಿ ಬಹುಪಾಲು ನೀರೇ. ಅದು ನಿಧಾನವಾಗಿ ಆವಿಯಾದಂತೆ ಒಳಗಿನ ಸಿಹಿ ಗಟ್ಟಿಯಾಗುತ್ತದೆ. ಹತ್ತು ಹದಿನೈದು ನಿಮಿಷ ಕೊಡಿ. ಕಂದು ಬಣ್ಣ ಬೇಡ, ಮೆತ್ತಗಾದರೆ ಸಾಕು.

ಹೆಚ್ಚಿನವರು ಎಡವುವುದು ಮಾಂಸ ಹುರಿಯುವಾಗ. ನಾವು ಕೀಮಾವನ್ನು ತೊಳೆದು ಹಾಗೇ ಬಾಣಲೆಗೆ ಸುರಿಯುತ್ತೇವೆ. ನೀರು ಇರುವ ತನಕ ಬಾಣಲೆಯ ಶಾಖ 100 ಡಿಗ್ರಿ ದಾಟುವುದಿಲ್ಲ. ಮಾಂಸ ತನ್ನದೇ ನೀರಿನಲ್ಲಿ ಬೆಂದು ಬೂದುಬಣ್ಣಕ್ಕೆ ತಿರುಗುತ್ತದೆ. ಮಾಂಸ ಕಂದಾಗಿ, ಹುರಿದ ಘಮ ಏಳುವ ರಾಸಾಯನಿಕ ಕ್ರಿಯೆ ಬಿರುಸಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಪ್ರೋಟೀನಿನ ಘಟಕಗಳೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಯ್ ಮಯಾರ್. ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಗುರುತಿಸುತ್ತಾರೆ. ಆದ್ದರಿಂದ ತೊಳೆದ ಕೀಮಾವನ್ನು ಚೆನ್ನಾಗಿ ಹಿಂಡಿ. ಅಗಲವಾದ ಪಾತ್ರೆ ಇಡಿ, ಉರಿ ಏರಿಸಿ, ಎರಡು ಮೂರು ಕಂತಿನಲ್ಲಿ ಹುರಿಯಿರಿ. ಮೊದಲು ಚೊರ್ ಎಂಬ ಸದ್ದು, ಆಮೇಲೆ ಕೊತಕೊತ, ನೀರು ಹೋದ ಮೇಲೆ ಮತ್ತೆ ಚಟಪಟ. ಆ ಚಟಪಟ ಕೇಳುವವರೆಗೆ ಕಾಯಲೇಬೇಕು. ಇಲ್ಲಿ ಕಳೆದುಕೊಂಡದ್ದನ್ನು ಮುಂದೆ ಎಷ್ಟು ಹೊತ್ತು ಬೇಯಿಸಿದರೂ ಪಡೆಯಲಾಗದು.

ಇನ್ನು ನೀರನ್ನು ಮರಳಿ ಕರೆಯುವ ಸರದಿ. ಒಂದು ಗ್ಲಾಸ್ ವೈನ್ ಸುರಿದು ತಳಕ್ಕೆ ಹಿಡಿದ ಕಂದು ಪದರವನ್ನು ಸೌಟಿನಿಂದ ಕೆರೆದು ಬಿಡಿಸಿ, ಆಲ್ಕೋಹಾಲಿನ ವಾಸನೆ ಇಳಿಯುವವರೆಗೆ ಇಂಗಿಸಿ. ವೈನ್ ಬಳಸದ ಮನೆಯವರು ಮೂಳೆ ಬೇಯಿಸಿದ ಸಾರಿನಿಂದಲೇ ಈ ಕೆಲಸ ಮಾಡಬಹುದು. ಸುವಾಸನೆಯ ಒಂದು ಪದರ ಕಡಿಮೆಯಾಗುತ್ತದೆ, ಅಡುಗೆ ಕೆಡುವುದಿಲ್ಲ. ನಂತರ ಬಾಡಿಸಿದ ತರಕಾರಿ, ಟೊಮೆಟೊ, ಒಂದು ಸೌಟು ಬಿಸಿ ಸಾರು. ಉರಿ ಎಷ್ಟು ಸಣ್ಣದಿರಬೇಕೆಂದರೆ ಮೇಲೆ ಆಗೊಂದು ಈಗೊಂದು ಗುಳ್ಳೆ ಒಡೆಯಬೇಕು, ಅಷ್ಟೇ. ಹೀಗೆ ಎರಡರಿಂದ ಮೂರು ಗಂಟೆ. ಆರುತ್ತ ಬಂದಂತೆ ಸಾರು ಸೇರಿಸುತ್ತಿರಿ.

ಇಷ್ಟು ಹೊತ್ತು ಯಾಕೆ? ಓಡಾಡುವ, ಭಾರ ಹೊರುವ ಪ್ರಾಣಿಯ ಭುಜ, ಕಾಲಿನ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿರುತ್ತದೆ. ತೇವ ಮತ್ತು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಅದು ಜೆಲಾಟಿನ್ ಆಗಿ ಕರಗಿ ಸಾಸಿಗೆ ನುಣುಪಾದ ಮೈ ಕೊಡುತ್ತದೆ. ಹಾಗಾಗಿ ಕೊಬ್ಬಿಲ್ಲದ ಎಳೆಯ ಮಾಂಸ ಇದಕ್ಕೆ ಸಲ್ಲದು. ಕಟುಕರಿಗೆ ಭುಜದ ಭಾಗ ಬೇಕೆಂದು, ದಪ್ಪಗೆ ಕೊಚ್ಚಬೇಕೆಂದು ಹೇಳಿ. ಸಾಸಿನ ಅಂಚಿನಲ್ಲಿ ಕೊಬ್ಬು ಬೇರ್ಪಟ್ಟು ನಿಂತರೆ ನೀರು ಹದಕ್ಕೆ ಇಳಿದಿದೆ ಎಂದರ್ಥ. ನಮ್ಮ ಅಡುಗೆಮನೆಗಳಲ್ಲಿ ಮಸಾಲೆ ಎಣ್ಣೆ ಬಿಡುವುದನ್ನು ಕಾಯುವವರಿಗೆ ಈ ಗುರುತು ಹೊಸದೇನಲ್ಲ.

ಪ್ರೆಶರ್ ಕುಕ್ಕರ್ ಸಾಲದೇ ಎಂದು ಕೇಳುವವರಿದ್ದಾರೆ. ಕುಕ್ಕರ್ ನಾರನ್ನು ಬೇಗ ಕರಗಿಸುತ್ತದೆ, ನಿಜ. ಆದರೆ ಮುಚ್ಚಿದ ಪಾತ್ರೆಯಿಂದ ನೀರು ಹೊರಹೋಗುವುದು ಬಹಳ ಕಡಿಮೆ, ಸಾಸ್ ಸಾಂದ್ರವಾಗುವುದಿಲ್ಲ. ಸಮಯವಿಲ್ಲದಿದ್ದರೆ ಅರ್ಧ ಗಂಟೆ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಮುಕ್ಕಾಲು ಗಂಟೆ ಮುಚ್ಚಳ ತೆಗೆದು ಇಂಗಿಸಿ. ರುಚಿ ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ.

ಹಾಲಿನ ವಿಷಯದಲ್ಲಿ ಒಮ್ಮತವಿಲ್ಲ. 2023ರ ಪಾಠ ಅದನ್ನು ಇಷ್ಟವಿದ್ದವರಿಗೆ ಬಿಟ್ಟಿದೆ. 1973ರಲ್ಲಿ ಮೊದಲ ಪುಸ್ತಕ ಬರೆದು ಅಮೆರಿಕದ ಮನೆಮನೆಗೆ ಇಟಲಿಯ ಅಡುಗೆ ತಲುಪಿಸಿದ ಮಾರ್ಚೆಲ್ಲಾ ಹಝಾನ್ ಅವರು ಹುಳಿಯ ತೀಕ್ಷ್ಣತೆ ಮಾಂಸಕ್ಕೆ ತಾಗದಿರಲೆಂದು ವೈನ್, ಟೊಮೆಟೊಗಳಿಗಿಂತ ಮೊದಲೇ ಹಾಲು ಹಾಕಿ ಇಂಗಿಸುತ್ತಿದ್ದರು. ನನ್ನ ಮತವೂ ಹಾಲು ಇರಲಿ ಎಂದೇ. ನಮ್ಮ ಟೊಮೆಟೊ ಹುಳಿ ಜಾಸ್ತಿ.

ದನ, ಹಂದಿ ತಿನ್ನದವರು ಕುರಿ ಅಥವಾ ಆಡಿನ ಕೀಮಾ ಬಳಸಬಹುದು. ಬೊಲೊನ್ಯದವರು ಅದನ್ನು ತಮ್ಮದೆನ್ನುವುದಿಲ್ಲ. ಆದರೆ ಇಟಲಿಯದೇ ಆದ ಅಬ್ರುಝೊ ಪ್ರಾಂತ್ಯದಲ್ಲಿ ಕುರಿಮರಿ ಮಾಂಸದ ರಗೂ ಹಳೆಯ ಸಂಪ್ರದಾಯ, ಸಂಕೋಚ ಬೇಡ.

ಬೊಲೊನ್ಯದಲ್ಲಿ ರಗೂಗೆ ಜೊತೆ ಮೊಟ್ಟೆ ಹಾಕಿ ಲಟ್ಟಿಸಿದ ಪಟ್ಟಿಯಾಕಾರದ ಪಾಸ್ತಾ, ತಾಲ್ಯಾತೆಲ್ಲೆ. ಬೆಂದಾಗ ಅದರ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಅದೇ ವಾಣಿಜ್ಯ ಮಂಡಳಿಯಲ್ಲಿ ದಾಖಲೆಯಾಗಿದೆ. ಜಗತ್ತು ತಿನ್ನುವ ‘ಸ್ಪಗೆಟಿ ಬೊಲೊನೀಸ್’ ತಮ್ಮೂರಿನದಲ್ಲವೆಂದು 2019ರಲ್ಲಿ ಬೊಲೊನ್ಯದ ಆಗಿನ ಮೇಯರ್ ವಿರ್ಜೀನಿಯೊ ಮೆರೋಲಾ ಸಾರ್ವಜನಿಕವಾಗಿ ಹೇಳಬೇಕಾಯಿತು. ಅವರ ಮಾತಿನಲ್ಲಿ ಹುರುಳಿದೆ. ನುಣುಪಾದ ಸಣ್ಣ ಎಳೆಯಿಂದ ಮಾಂಸದ ಚೂರು ಜಾರಿ ತಟ್ಟೆಯ ತಳ ಸೇರುತ್ತದೆ. ಒರಟು ಮೈಯ ಅಗಲ ಪಟ್ಟಿಗೆ ಅಂಟುತ್ತದೆ. ತಾಲ್ಯಾತೆಲ್ಲೆ ಸಿಗದಿದ್ದರೆ ಫೆತ್ತುಚಿನೆ ಅಥವಾ ಗೀರುಳ್ಳ ಪೆನ್ನೆ ತನ್ನಿ. ಬೆಂದ ಪಾಸ್ತಾವನ್ನು ಸಾಸಿನ ಪಾತ್ರೆಗೇ ಹಾಕಿ, ಪಾಸ್ತಾ ಬೆಂದ ಗಂಜಿನೀರು ಅರ್ಧ ಸೌಟು ಸೇರಿಸಿ ಕಲಸಿ. ಮೇಲೆ ಪಾರ್ಮೆಸಾನ್ ಚೀಸ್ ತುರಿಯಿರಿ.

ಉಳಿದ ರಗೂ ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ, ಆದ್ದರಿಂದ ಒಮ್ಮೆಗೇ ಎರಡರಷ್ಟು ಮಾಡಿ. ಮೊದಲ ಸಲ ಮಾಡುವಾಗ ಮಾತ್ರ ಖಾರದಪುಡಿಯ ಡಬ್ಬಿಯನ್ನೂ ಗರಂ ಮಸಾಲೆಯನ್ನೂ ಕೈಗೆ ಸಿಗದಂತೆ ದೂರ ಇಡಿ. ಬರೀ ಉಪ್ಪು, ಕಾಳುಮೆಣಸಿನಲ್ಲೇ ಮಾಡಿ ಒಮ್ಮೆ ತಿಂದು ನೋಡಿ.